ಕಥೆಯಲ್ಲಿ ಉಪಖಳನ ಸ್ಥಾನ

ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳ ಜನರಿಗೆ ಶ್ರೀಕೃಷ್ಣಪಾರಿಜಾತದ ಕಥೆಯನ್ನು ಹೊಸದಾಗಿ ಹೇಳಬೇಕಾದ ಅವಶ್ಯಕತೆಯಿಲ್ಲ. ದೇವಲೋಕದ ಹೂವೊಂದನ್ನು ನಾರದನು ದ್ವಾರಕೆಗೆ ತರುವನು. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುವನು. ನಾರದನು ಆ ಸುದ್ದಿಯನ್ನು ಸತ್ಯಭಾಮೆಗೆ ಮುಟ್ಟಿಸುವನು. ಅಲ್ಲಿಂದ ಮುಂದೆ ಬೆಳಗಾಗುವವರೆಗೂ ಮುನಿಸು, ವಿರಹ, ಸಂಧಾನ. ಆಟವು ಮುಗಿದು ಜನರು ಮನೆಗೆ ತಿರುಗುವಾಗ ಅವರಲ್ಲಿ ಏಳುವ ವಾದವೂ ಹಳೆಯದೇ. ನಾರದನು ಬಾರದಿದ್ದರೆ ಈ ಕಲಹವೆಲ್ಲಿಯದೆಂದು ಕೆಲವರು ಕೇಳುವರು. ಸತ್ಯಭಾಮೆಗೆ ಗರ್ವವೂ ಕೃಷ್ಣನಿಗೆ ಪಕ್ಷಪಾತವೂ ಇರಲಾಗಿ, ನಾರದನು ಬಂದರೇನು ಬಾರದಿದ್ದರೇನು ಎಂದು ಉಳಿದವರು ಕೇಳುವರು. ಮೇಲ್ನೋಟಕ್ಕೆ ಇದು ವಿನೋದದ ಮಾತು. ಆದರೆ ಇದರೊಳಗೆ ಸಾಹಿತ್ಯವಿಚಾರದ ಒಂದು ಗಂಭೀರ ಪ್ರಶ್ನೆಯು ಅಡಗಿರುವದು. ಕಥೆಯ ಮುಖ್ಯ ವಿರೋಧಿಯಾಗಿರದೆ, ಇಬ್ಬರ ನಡುವೆ ಓಡಾಡಿ ಕೆಡುಕಿನ ಬೀಜವನ್ನು ಬಿತ್ತಿ ಬದಿಗೆ ಸರಿಯುವ ಎರಡನೆಯ ಖಳನಿಗೆ ಎಷ್ಟು ಬೆಲೆಯನ್ನು ಕೊಡತಕ್ಕದ್ದು? ಅವನು ಕಥೆಗೆ ಆಧಾರವೋ ಅಥವಾ ಕೇವಲ ನಿಮಿತ್ತಮಾತ್ರನೋ?

ಈ ವಿಷಯದಲ್ಲಿ ಪ್ರಾಚೀನ ಲಾಕ್ಷಣಿಕರು ದಾರಿಯನ್ನು ಅರ್ಧ ಮಾತ್ರ ತೋರಿಸಿರುವರು. 10ನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯನು ತನ್ನ ದಶರೂಪಕದಲ್ಲಿ ಪ್ರತಿನಾಯಕನ ಲಕ್ಷಣವನ್ನು ಹೇಳಿರುವನು: ಅವನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಕಾರಿ, ವ್ಯಸನಿ. ರಾಮನಿಗೆ ರಾವಣನು, ಧರ್ಮರಾಜನಿಗೆ ದುರ್ಯೋಧನನು ಈ ಲಕ್ಷಣಕ್ಕೆ ಒಪ್ಪುವರು. ಅದೇ ಗ್ರಂಥದಲ್ಲಿ ಬೀಜ, ಬಿಂದು, ಪತಾಕಾ, ಪ್ರಕರೀ, ಕಾರ್ಯ ಎಂಬ ಐದು ಅರ್ಥಪ್ರಕೃತಿಗಳ ವಿವರಣೆಯುಂಟು. ನಾಯಕನಿಗೆ ನೆರವಾಗಿ ಬಹುದೂರ ಸಾಗುವ ಉಪಕಥೆಯು ಪತಾಕೆ. ಸುಗ್ರೀವನ ವೃತ್ತಾಂತವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಆದರೆ ನಾರದನಂಥವನು ಪ್ರತಿನಾಯಕನೂ ಅಲ್ಲ, ಪತಾಕಾನಾಯಕನೂ ಅಲ್ಲ. ಅವನ ಕೆಲಸವು ಬೀಜವನ್ನು ನೆಲಕ್ಕೆ ಹಾಕುವದಷ್ಟೆ. ಹಾಕಿದ ಕೈಯ ಯೋಗ್ಯತೆಯನ್ನು ಎಣಿಸಬೇಕೋ ಬೇಡವೋ ಎಂಬದೇ ಇಲ್ಲಿಯ ವಿವಾದ.

ಇಂಥ ವಿವಾದವನ್ನು ತರ್ಕದಿಂದ ಬಗೆಹರಿಸುವದಕ್ಕಿಂತ ಪಾರಿಜಾತಕಥೆಯ ಇತಿಹಾಸದಿಂದ ಬಗೆಹರಿಸುವದು ಸುಲಭ. ಏಕೆಂದರೆ ನಾರದನಿಲ್ಲದ ಪಾರಿಜಾತವು ಹೇಗಿರುವದೆಂದು ಊಹಿಸಬೇಕಾಗಿಲ್ಲ. ಅದು ಪುರಾಣದಲ್ಲಿಯೇ ಇರುವದು.

ವಿಷ್ಣುಪುರಾಣದ 5ನೆಯ ಅಂಶದಲ್ಲಿ ಬರುವ ಕಥೆಯು ಹೀಗಿದೆ. ನರಕಾಸುರನನ್ನು ಕೊಂದ ಕೃಷ್ಣನು ಅದಿತಿಯ ಕುಂಡಲಗಳನ್ನು ಹಿಂದಿರುಗಿಸುವದಕ್ಕಾಗಿ ಸತ್ಯಭಾಮೆಯೊಡನೆ ಗರುಡನನ್ನೇರಿ ಸ್ವರ್ಗಕ್ಕೆ ಹೋಗುವನು. ನಂದನವನದಲ್ಲಿ ಸತ್ಯಭಾಮೆಯು ಪಾರಿಜಾತವೃಕ್ಷವನ್ನು ತಾನೇ ಕಣ್ಣಾರೆ ಕಾಣುವಳು. ಜಾಂಬವತಿಗಿಂತಲೂ ರುಕ್ಮಿಣಿಗಿಂತಲೂ ತಾನೇ ಪ್ರಿಯಳೆಂದು ಕೃಷ್ಣನು ಆಡಿದ ಮಾತು ನಿಜವಾದರೆ ಈ ಮರವು ತನ್ನ ಮನೆಯಂಗಳಕ್ಕೆ ಬರಬೇಕೆಂದು ಕೇಳುವಳು. ಕಾವಲುಗಾರರು ಶಚೀದೇವಿಯ ಹೆಸರನ್ನು ಹೇಳಿ ತಡೆಯುವರು. ಸತ್ಯಭಾಮೆಯು ಶಚಿಗೆ ಬಿರುನುಡಿಯನ್ನು ಹೇಳಿ ಕಳಿಸುವಳು. ಶಚಿಯು ಇಂದ್ರನನ್ನು ಯುದ್ಧಕ್ಕೆ ಎಬ್ಬಿಸುವಳು. ಇಂದ್ರನು ಸೋಲುವನು, ಮರವು ದ್ವಾರಕೆಗೆ ಬರುವದು. ಭಾಗವತದ 10ನೆಯ ಸ್ಕಂಧದ 59ನೆಯ ಅಧ್ಯಾಯದಲ್ಲಿ ಇದೇ ಸಂಗತಿಯು ಇನ್ನೂ ಸಂಕ್ಷಿಪ್ತವಾಗಿ, ಕೆಲವೇ ಶ್ಲೋಕಗಳಲ್ಲಿ ಮುಗಿದುಹೋಗುವದು. ಎರಡರಲ್ಲಿಯೂ ಈ ಕಲಹವನ್ನು ಹುಟ್ಟಿಸಲು ನಾರದನು ಬರುವದಿಲ್ಲ. ರುಕ್ಮಿಣಿಯ ಕೈಗೆ ಹೂವು ಸೇರುವದೂ ಇಲ್ಲ. ಸವತಿಯರ ಎದುರು ಮೆರೆಯಬೇಕೆಂಬ ಸತ್ಯಭಾಮೆಯ ಬಯಕೆಯು ಮಾತ್ರ ವಿಷ್ಣುಪುರಾಣದಲ್ಲಿಯೇ ಸ್ಪಷ್ಟವಾಗಿರುವದು. ಆದಕಾರಣ ನಾರದನು ನಿಮಿತ್ತಮಾತ್ರನೆಂದು ಹೇಳುವವರ ಪಕ್ಷಕ್ಕೆ ಪುರಾಣದ ಬಲವಾದ ಆಧಾರವಿರುವದನ್ನು ಮೊದಲು ಒಪ್ಪಿಕೊಳ್ಳಬೇಕು.

ನಾರದನು ಈ ಕಥೆಯೊಳಗೆ ಕಾಲಿಡುವದು ಹರಿವಂಶದ ಪಾರಿಜಾತಹರಣ ಪ್ರಕರಣದಲ್ಲಿ. ರೈವತಕ ಪರ್ವತದಲ್ಲಿ ರುಕ್ಮಿಣಿಯ ವ್ರತವು ಮುಗಿಯುವ ಸಮಯಕ್ಕೆ ಅವನು ಒಂದು ಪಾರಿಜಾತಪುಷ್ಪವನ್ನು ತಂದು ಕೃಷ್ಣನಿಗೆ ಕೊಡುವನು. ಕೃಷ್ಣನು ಪಕ್ಕದಲ್ಲಿದ್ದ ರುಕ್ಮಿಣಿಗೆ ಅದನ್ನು ಕೊಡಲು, ನಾರದನು ಅವಳ ಸೌಭಾಗ್ಯವನ್ನು ಎಲ್ಲರ ಎದುರಿಗೆ ಹೊಗಳುವನು. ಆ ಹೊಗಳಿಕೆಯು ದಾಸಿಯರ ಕಿವಿಗೆ ಬೀಳುವದು. ದಾಸಿಯರಿಂದ ಸತ್ಯಭಾಮೆಗೆ ತಿಳಿಯುವದು. ಪುಣೆಯ ಭಾಂಡಾರಕರ ಸಂಸ್ಥೆಯವರು 1969 ಮತ್ತು 1971ರಲ್ಲಿ ಪ್ರಕಟಿಸಿದ ಹರಿವಂಶದ ಸಂಶೋಧಿತ ಆವೃತ್ತಿಯಲ್ಲಿ ಈ ಪ್ರಕರಣವು ಮೂಲಪಾಠದಲ್ಲಿ ನಿಲ್ಲದೆ ಅನುಬಂಧಕ್ಕೆ ಸೇರಿರುವದು. ಅಂದರೆ ಇದು ಅನಂತರದ ಕಾಲದಲ್ಲಿ ಬೆಳೆದುಬಂದ ಕಥಾಭಾಗವೆಂದು ಸಂಪಾದಕರ ನಿರ್ಣಯ. ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ ನಂದಿ ತಿಮ್ಮನ ಕವಿಯು ತೆಲುಗಿನಲ್ಲಿ ಪಾರಿಜಾತಾಪಹರಣವನ್ನು ಬರೆದಾಗಲೂ ಸತ್ಯಭಾಮೆಗೆ ಸುದ್ದಿಯನ್ನು ತರುವವಳು ಅವಳ ಸಖಿಯೇ. ನಾರದನು ಹೂವನ್ನು ತಂದು, ಮಾತನ್ನು ಗಾಳಿಗೆ ಬಿಟ್ಟು, ಮುಂದಿನದನ್ನು ದಾಸೀಜನಕ್ಕೆ ಒಪ್ಪಿಸುವನು.

ಮೂರನೆಯ ಹಂತವು ಕನ್ನಡನಾಡಿನ ಬಯಲಿನಲ್ಲಿ ಆಯಿತು. ಅಪರಾಳ ತಮ್ಮಣ್ಣನ ಕೃತಿಯಾದ ಶ್ರೀಕೃಷ್ಣಪಾರಿಜಾತವು 19ನೆಯ ಶತಮಾನದ ಸುಮಾರಿಗೆ ಪ್ರಚಾರಕ್ಕೆ ಬಂದಿತು. ಅದಕ್ಕೆ ಆಟದ ರೂಪವನ್ನು ಕೊಟ್ಟು ಮೇಳದ ಮೂಲಕ ಊರೂರಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣನು. ಕುಲಗೋಡವು ಅವಿಭಜಿತ ಗೋಕಾವಿ ತಾಲ್ಲೂಕಿನ ಗ್ರಾಮ. ಅದೇ ಸೀಮೆಯ ಕೌಜಲಗಿಯ ನಿಂಗಮ್ಮನು, ಹೆಂಗಸರು ರಂಗವನ್ನೇರುವದು ಅಪರೂಪವಾಗಿದ್ದ ಕಾಲದಲ್ಲಿ, ಈ ಆಟದಿಂದಲೇ ಹೆಸರನ್ನು ಪಡೆದಳು. ಈ ಬಯಲಿನ ಪಾರಿಜಾತದಲ್ಲಿ ನಾರದನು ಮಾತನ್ನು ಗಾಳಿಗೆ ಬಿಡುವದಿಲ್ಲ. ರುಕ್ಮಿಣಿಯ ಮನೆಯಿಂದ ಹೊರಟು ತಾನೇ ಸತ್ಯಭಾಮೆಯ ಮನೆಗೆ ನಡೆದು ಬರುವನು. ವಿಷ್ಣುಪುರಾಣದಲ್ಲಿ ಇಲ್ಲವೇ ಇಲ್ಲದವನು, ಹರಿವಂಶದಲ್ಲಿ ಹೂವನ್ನು ತಂದವನು, ಇಲ್ಲಿ ಹೂವಿನೊಡನೆ ಚಾಡಿಯನ್ನೂ ಹೊತ್ತುಕೊಂಡನು. ಕಥೆಯು ಜನರಿಗೆ ಹತ್ತಿರವಾದಂತೆಲ್ಲ ನಾರದನ ಹೊಣೆಯು ಹೆಚ್ಚುತ್ತ ಬಂದಿರುವದು ಗಮನಿಸತಕ್ಕ ಸಂಗತಿ.

ಈ ಹೆಚ್ಚಳದಿಂದ ಆದದ್ದೇನು? ಮೊದಲನೆಯದಾಗಿ, ಯುದ್ಧವು ಗೌಣವಾಯಿತು. ವಿಷ್ಣುಪುರಾಣದ ಕಥೆಯನ್ನು ಆಡಿ ತೋರಿಸಬೇಕಾದರೆ ಐರಾವತ, ವಜ್ರಾಯುಧ, ಗರುಡ, ದಿಕ್ಪಾಲಕರು ಬೇಕು. ಭುಜಕೀರ್ತಿ ಕಿರೀಟಗಳ ದೊಡ್ಡಾಟದ ಅಬ್ಬರವು ಬೇಕು. ನಾರದನೊಬ್ಬನು ಇದ್ದರೆ ಅದಾವುದೂ ಬೇಡ. ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ದೂತಿ, ಭಾಗವತ, ಹಿಮ್ಮೇಳ, ಇಷ್ಟರಿಂದಲೇ ರಾತ್ರಿಯೆಲ್ಲ ತುಂಬುವದು. ಇಂದ್ರನ ಸೈನ್ಯವೆಲ್ಲವೂ ಮಾಡುತ್ತಿದ್ದ ಕೆಲಸವನ್ನು ಒಬ್ಬ ಮುನಿಯ ನಾಲಿಗೆಯು ಮಾಡುವದು. ಎರಡನೆಯದಾಗಿ, ಕಥೆಯ ಸ್ಥಳವೇ ಬದಲಾಯಿತು. ಸ್ವರ್ಗದ ತೋಟವು ಹೋಗಿ ಮನೆಯ ಪಡಸಾಲೆಯು ಬಂದಿತು. ಮೂರನೆಯದಾಗಿ, ಮತ್ತು ಇದೇ ಮುಖ್ಯವಾದದ್ದು, ಸತ್ಯಭಾಮೆಯೇ ಬೇರೆಯಾದಳು. ಪುರಾಣದ ಸತ್ಯಭಾಮೆಯು ಕಂಡದ್ದನ್ನು ಬೇಡುವವಳು. ಆಟದ ಸತ್ಯಭಾಮೆಯು ನೊಂದವಳು. ಬೇಡುವವಳನ್ನು ನೋಡಿ ಪ್ರೇಕ್ಷಕರು ನಗಬಹುದು. ನೊಂದವಳನ್ನು ನೋಡಿದರೆ ನಗುವಾಗಲೂ ಮರುಕ ಹುಟ್ಟುವದು. ಕೃಷ್ಣನು ಕೊರವಂಜಿಯ ವೇಷದಿಂದ ಅವಳ ಬಾಗಿಲಿಗೆ ಬಂದು ನಿಲ್ಲುವ ಪ್ರಸಂಗವು ರುಚಿಸುವದು ಈ ನೋವು ಮೊದಲೇ ನಾಟಿರುವದರಿಂದ.

ಇದಕ್ಕೆ ಪ್ರತಿಪಕ್ಷದವರ ಉತ್ತರವು ಹೀಗಿರಬಹುದು: ನಾರದನ ಸ್ಥಾನದಲ್ಲಿ ಒಬ್ಬ ದಾಸಿಯನ್ನು ಇಟ್ಟರೂ ಸುದ್ದಿಯು ಮುಟ್ಟುವದಲ್ಲವೇ? ತಿಮ್ಮನನು ಹಾಗೆ ಮಾಡಿಯೂ ಉತ್ತಮಕಾವ್ಯವನ್ನು ಬರೆಯಲಿಲ್ಲವೇ? ಈ ಮಾತು ಸರಿಯಾದದ್ದೇ. ಆದರೆ ದಾಸಿಯು ಸುದ್ದಿಯನ್ನು ತಂದರೆ ಅದು ಒಡತಿಯ ಮೇಲಣ ನಿಷ್ಠೆ, ಅದರಲ್ಲಿ ಕಪಟವಿಲ್ಲ. ನಾರದನಾದರೋ ಎರಡೂ ಮನೆಗಳಲ್ಲಿ ಪೂಜ್ಯನು. ರುಕ್ಮಿಣಿಯು ಅವನಿಗೆ ಅರ್ಘ್ಯಪಾದ್ಯಗಳನ್ನು ಕೊಡುವಳು, ಸತ್ಯಭಾಮೆಯೂ ಕೊಡುವಳು. ಇಬ್ಬರೂ ನಂಬಿದವನು ಆಡಿದ ಮಾತಿಗೆ ಇರುವ ಹರಿತವು ದಾಸಿಯ ಮಾತಿಗೆ ಇರಲಾರದು. ಉಪಖಳನ ಮಹತ್ವವನ್ನು ಅಳೆಯುವ ಮೊದಲನೆಯ ಅಳತೆಗೋಲು ಇಲ್ಲಿ ದೊರಕುವದು. ಅವನು ಎಷ್ಟು ಹೊತ್ತು ರಂಗದ ಮೇಲಿರುವನೆಂದು ಎಣಿಸಬಾರದು. ಅವನನ್ನು ಎಷ್ಟು ಜನರು, ಎಷ್ಟು ನಂಬಿರುವರೆಂದು ಎಣಿಸಬೇಕು.

ನಾರದನನ್ನು ಖಳನೆನ್ನುವದು ಅಪಚಾರವೆಂದು ಕೆಲವರಿಗೆ ತೋರಬಹುದು. ಅವನು ದೇವರ್ಷಿ, ಅವನಿಗೆ ಯಾರ ಮೇಲೂ ದ್ವೇಷವಿಲ್ಲ, ಅವನ ಕಲಹಪ್ರಿಯತೆಯಿಂದ ಕೊನೆಗೆ ಗರ್ವಭಂಗವೇ ಆಗುವದು. ಮರದ ಬೇರು ಸತ್ಯಭಾಮೆಯ ಅಂಗಳದಲ್ಲಿಯೂ ಉದುರುವ ಹೂವುಗಳು ರುಕ್ಮಿಣಿಯ ಅಂಗಳದಲ್ಲಿಯೂ ಎಂಬ ಜನಜನಿತವಾದ ಮುಕ್ತಾಯದಲ್ಲಿ ಯಾರಿಗೂ ಪೂರ್ಣ ನಷ್ಟವಿಲ್ಲ. ಆದುದರಿಂದ ಅವನಲ್ಲಿರುವದು ಖಳನ ಕೆಲಸ, ಖಳನ ಮನಸ್ಸಲ್ಲ. ಅದೇ ಕೆಲಸವು ದೇವರ್ಷಿಯ ಕೈಯಿಂದ ಜಾರಿ ಮನುಷ್ಯನ ಕೈಗೆ ಬಿದ್ದರೆ ಏನಾಗುವದೆಂಬದನ್ನು ತಿಳಿಯಲು ಇದೇ ಬೆಳಗಾವಿ ಜಿಲ್ಲೆಯ ಮತ್ತೊಂದು ಆಟವನ್ನು ನೋಡಬೇಕು. ಅದು ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟ.

ಬೈಲಹೊಂಗಲದ ಕಡೆಯಲ್ಲಿ ನಿಜವಾಗಿ ನಡೆದ ಒಂದು ಕೊಲೆಯ ಮೇಲಿಂದ ಈ ಆಟವು ಹುಟ್ಟಿತೆಂದೂ ಪತ್ತಾರ ಮಾಸ್ತರನು ಇದನ್ನು ಕಟ್ಟಿದನೆಂದೂ ಪ್ರಸಿದ್ಧಿಯಿರುವದು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಈ ಸೀಮೆಯ ಬಯಲಾಟಗಳನ್ನು ನೋಡುತ್ತಲೇ ಬೆಳೆದು, ಮುಂದೆ 2010ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಡಾ. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆಯನ್ನು ಮಾಡಿದ್ದಲ್ಲದೆ ಈ ಆಟದ ಪಾಠವನ್ನೂ ಸಂಪಾದಿಸಿ ವಿದ್ವಜ್ಜನರ ಗಮನಕ್ಕೆ ತಂದರು. ಕಥೆಯು ಸರಳವಾದದ್ದು. ಸಿರಿವಂತನಾದ ಸಂಗ್ಯಾನು ಈರ್ಯಾನ ಹೆಂಡತಿಯಾದ ಗಂಗಿಯಲ್ಲಿ ಮನಸ್ಸಿಡುವನು. ಬಾಳ್ಯಾನು ಸಂಗ್ಯಾನ ಜೀವದ ಗೆಳೆಯನು. ಮೊದಲು ಒಲ್ಲೆನೆಂದ ಗಂಗಿಯು ಕಡೆಗೆ ಒಲಿಯುವಳು. ಗಂಡನಿಗೆ ಗುಟ್ಟು ತಿಳಿಯುವದು. ಆಗ ಬಾಳ್ಯಾನೇ ತನ್ನ ಗೆಳೆಯನನ್ನು ವೈರಿಗಳ ಕೈಗೆ ಒಪ್ಪಿಸುವನು, ಸಂಗ್ಯಾನ ಕೊಲೆಯಾಗುವದು.

ಈ ಕಥೆಯಲ್ಲಿ ತಪ್ಪನ್ನು ಮಾಡಿದವನು ಸಂಗ್ಯಾ, ಕೊಂದವನು ಈರ್ಯಾ, ನಡುವೆ ಸಿಕ್ಕವಳು ಗಂಗಿ. ಘಟನೆಯನ್ನು ಮಾತ್ರ ನೋಡಿದರೆ ಈ ಮೂವರಿಂದಲೇ ಕಥೆಯು ಪೂರ್ಣವಾಗುವದು. ಹಳ್ಳಿಯಲ್ಲಿ ಇಂಥ ಗುಟ್ಟು ಬಹುದಿನ ನಿಲ್ಲಲಾರದು. ಈರ್ಯಾನಿಗೆ ಬಾಳ್ಯಾನ ನೆರವಿಲ್ಲದಿದ್ದರೂ ಸಮಯವು ಸಿಕ್ಕೇ ಸಿಗುತ್ತಿತ್ತು. ನಿಮಿತ್ತವಾದಿಗಳ ಪಕ್ಷವು ಇಲ್ಲಿಯೂ ನಿಲ್ಲಬಲ್ಲದು. ಆದರೆ ಆಟದ ಹೆಸರನ್ನು ನೋಡಿರಿ. ಅದು ಸಂಗ್ಯಾ ಗಂಗಿ ಎಂದಿಲ್ಲ. ಸಂಗ್ಯಾ ಈರ್ಯಾ ಎಂದೂ ಇಲ್ಲ. ಸತ್ತವನ ಹೆಸರಿನ ಪಕ್ಕದಲ್ಲಿ ಜನರು ಇಟ್ಟದ್ದು ಕೊಂದವನ ಹೆಸರನ್ನಲ್ಲ, ಒಪ್ಪಿಸಿದವನ ಹೆಸರನ್ನು. ಇಬ್ಬರೂ ಗೆಳೆಯರಾದುದರಿಂದ ಹೆಸರುಗಳು ಜೊತೆಯಾಗಿ ಬಂದವೆಂದು ಯಾರಾದರೂ ಹೇಳಿದರೆ, ಆ ಉತ್ತರವೇ ಈ ವಾದವನ್ನು ಗಟ್ಟಿಗೊಳಿಸುವದು. ಗೆಳೆತನವು ಹಾಗೆ ಜೋಡಿಯಾಗಿ ಕರೆಯುವಷ್ಟು ದೊಡ್ಡದಾಗಿದ್ದ ಕಾರಣವೇ ಅದು ಮುರಿದದ್ದು ಕೊಲೆಗಿಂತ ಘೋರವಾಗಿ ಜನರಿಗೆ ಕಂಡಿತು. ಮಾನ ಹೋದ ಗಂಡನು ಕತ್ತಿಯನ್ನು ಎತ್ತಿದ್ದು ಅವರಿಗೆ ಅರ್ಥವಾಗುವ ಸಂಗತಿ. ಬೆನ್ನ ಮೇಲೆ ಕೈಯಿಟ್ಟು ನಡೆದವನು ದಾರಿಯನ್ನು ತಪ್ಪಿಸಿದ್ದು ಅರ್ಥವಾಗದ ಸಂಗತಿ. ಆ ಅರ್ಥವಾಗದ ಸಂಗತಿಯ ಸುತ್ತಲೇ ಆಟವು ಬೆಳೆಯಿತು. ಕೊಲೆಯ ವಿಚಾರಣೆಯಲ್ಲಿ ಹೊಡೆದವನು ಯಾರೆಂದು ಮೊದಲು ಕೇಳುವರು. ಆಟವನ್ನು ನೋಡಿದವರು ಅಲ್ಲಿಗೆ ಕರೆತಂದವನು ಯಾರೆಂದು ಮೊದಲು ಕೇಳುವರು.

ಹಾಗಾದರೆ ಎಲ್ಲ ಕೆಡುಕಿಗೂ ಉಪಖಳನೇ ಮೂಲವೆನ್ನಬಹುದೇ? ಇಲ್ಲಿ ಎಚ್ಚರಿಕೆಯು ಅವಶ್ಯವಾಗಿರುವದು. ಎರಡನೆಯ ಖಳನನ್ನು ದೊಡ್ಡವನನ್ನಾಗಿ ಮಾಡಿದಷ್ಟೂ ಮೊದಲನೆಯವನು ಚಿಕ್ಕವನಾಗುವ ಅಪಾಯವುಂಟು. ನಾರದನನ್ನು ಬೈದರೆ, ಒಂದೇ ಹೂವನ್ನು ಒಬ್ಬಳಿಗೇ ಕೊಟ್ಟ ಕೃಷ್ಣನ ಪಕ್ಷಪಾತವು ಮರೆಯಾಗುವದು. ಬಾಳ್ಯಾನನ್ನು ಬೈದರೆ, ಪರರ ಹೆಂಡತಿಯನ್ನು ಬಯಸಿದ ಸಂಗ್ಯಾನು ಕೇವಲ ಮರುಕಕ್ಕೆ ಪಾತ್ರನಾಗುವನು. ಮನೆಗಳಲ್ಲಿಯೂ ಇದೇ ನಡೆಯುವದು. ಅಣ್ಣತಮ್ಮಂದಿರು ಪಾಲಾದರೆ ಕಿವಿಯೂದಿದವರ ಹೆಸರನ್ನು ಹೇಳುವದು ಸುಲಭ. ಊದಿದ್ದನ್ನು ಕೇಳಿದ ಕಿವಿಯು ತಮ್ಮದೇ ಎಂದು ನೆನೆಯುವದು ಕಠಿಣ.

ಈ ತೂಕವನ್ನು ಸರಿಯಾಗಿ ಹಿಡಿದವರಲ್ಲಿ ವಾಲ್ಮೀಕಿಯು ಮೊದಲಿಗನು. ಅವನ ಮಂಥರೆಯು ಅಯೋಧ್ಯಾಕಾಂಡದ ಆರಂಭದಲ್ಲಿ ಬಂದು ಕೈಕೇಯಿಯ ಮನಸ್ಸನ್ನು ಕದಡಿ ಹೋಗುವಳು. ಅವಳಿಲ್ಲದೆ ವನವಾಸವಿಲ್ಲ, ವನವಾಸವಿಲ್ಲದೆ ರಾಮಾಯಣವಿಲ್ಲ. ಇದಕ್ಕಿಂತ ಹೆಚ್ಚಿನ ಮಹತ್ವವು ಯಾವ ಉಪಖಳನಿಗೂ ಸಿಗಲಾರದು. ಆದರೂ ದಶರಥನ ಮರಣಾನಂತರ ಶತ್ರುಘ್ನನು ಸಿಟ್ಟಿನಿಂದ ಮಂಥರೆಯನ್ನು ಹಿಡಿದು ಎಳೆದಾಡುವಾಗ ಭರತನು ತಡೆಯುವನು. ಸ್ತ್ರೀಯರು ಅವಧ್ಯರು, ಮಾತೃಹತ್ಯೆಯೆಂದು ರಾಮನು ನಿಂದಿಸಲಿಕ್ಕಿಲ್ಲವಾದರೆ ಕೈಕೇಯಿಯನ್ನೇ ತಾನು ಕೊಲ್ಲುತ್ತಿದ್ದೆನು, ಈ ಗೂನಿಯನ್ನು ಕೊಂದರೂ ರಾಮನು ತಮ್ಮೊಡನೆ ಮಾತನಾಡಲಾರನು ಎಂಬದು ಅವನ ಮಾತಿನ ಸಾರಾಂಶ. ಭರತನ ಕೋಪವು ದಾಸಿಯನ್ನು ದಾಟಿ ತಾಯಿಯ ಮೇಲೆ, ವರವನ್ನು ಬೇಡಿದ ಬಾಯಿಯ ಮೇಲೆ ನಿಲ್ಲುವದು. ಬೀಜವನ್ನು ಹಾಕಿದವಳು ಮಂಥರೆಯೆಂಬದನ್ನು ವಾಲ್ಮೀಕಿಯು ಮರೆಸುವದಿಲ್ಲ. ನೆಲವು ಕೈಕೇಯಿಯದೆಂಬದನ್ನು ಮರೆಯಗೊಡುವದೂ ಇಲ್ಲ.

ಇಷ್ಟರಿಂದ ನಿರ್ಣಯವು ಸಾಧ್ಯವಾಗುವದು. ಕಥೆಯಲ್ಲಿ ಉಪಖಳನ ಸ್ಥಾನವೆಷ್ಟೆಂದು ಕೇಳುವವರು ಎರಡು ಪ್ರಶ್ನೆಗಳನ್ನು ಬೆರಸಬಾರದು. ಅವನನ್ನು ತೆಗೆದರೆ ಘಟನೆಯು ನಿಲ್ಲುವದೋ ಎಂಬದು ಒಂದು ಪ್ರಶ್ನೆ. ಕಥೆಯು ನಿಲ್ಲುವದೋ ಎಂಬದು ಬೇರೊಂದು. ನಾರದನನ್ನು ತೆಗೆದರೂ ಪಾರಿಜಾತವು ದ್ವಾರಕೆಗೆ ಬರುವದೆಂದು ವಿಷ್ಣುಪುರಾಣವೇ ತೋರಿಸಿಕೊಟ್ಟಿದೆ. ಆದರೆ ಕುಲಗೋಡ ತಮ್ಮಣ್ಣನ ಆಟವು ಅದರಿಂದ ಹುಟ್ಟಲಾರದು. ಬಾಳ್ಯಾನನ್ನು ತೆಗೆದರೂ ಕೊಲೆಯಾಗಬಹುದು. ಆದರೆ ಅದು ಕೆಲವು ದಿನಗಳ ಸುದ್ದಿಯಾಗಿ ಹೋಗುತ್ತಿತ್ತೇ ಹೊರತು ತಲೆಮಾರುಗಳವರೆಗೆ ಹಾಡಿಸಿಕೊಳ್ಳುತ್ತಿರಲಿಲ್ಲ. ಘಟನೆಗೆ ಶತ್ರುವು ಸಾಕು. ಕಥೆಗೆ ನಂಬಿಕೆಯೂ ಬೇಕು, ಆ ನಂಬಿಕೆಯನ್ನು ಮುರಿಯುವವನೂ ಬೇಕು. ಪಾಪದ ಲೆಕ್ಕವನ್ನು ಹಾಕುವಾಗ ಮಾತ್ರ ಭರತನ ತಕ್ಕಡಿಯನ್ನು ಕೈಬಿಡಬಾರದು.

ಈ ಪ್ರಾಂತದ ಪಾರಿಜಾತದ ಮೇಳಗಳನ್ನು ಕುರಿತು ಬರೆಯುವವರು ಸತ್ಯಭಾಮೆಯ ಪಾತ್ರಧಾರಿಗಳನ್ನು ಹೊಗಳುವದು ನ್ಯಾಯವೇ. ರಾತ್ರಿಯ ಭಾರವೆಲ್ಲ ಆ ಪಾತ್ರದ ಮೇಲಿರುವದು. ಅದರೊಡನೆ, ಸ್ವಲ್ಪವೇ ಹೊತ್ತು ಬಂದು ಹೋಗುವ ನಾರದನ ಮಾತುಗಳು ಒಂದೊಂದು ಮೇಳದಲ್ಲಿ ಹೇಗೆ ಹೇಗೆ ಬದಲಾಗುವವೆಂಬದನ್ನೂ ಬರೆದಿಡುವದು ಒಳ್ಳೆಯದು. ಒಬ್ಬನು ಹೂವಿನ ಪರಿಮಳವನ್ನು ವರ್ಣಿಸಿ ಸುಮ್ಮನಾಗುವನು. ಇನ್ನೊಬ್ಬನು ರುಕ್ಮಿಣಿಯ ನಗುವನ್ನು ವರ್ಣಿಸಿ ಹೊರಡುವನು. ಎರಡರಲ್ಲಿ ಯಾವ ಮಾತು ಸತ್ಯಭಾಮೆಯ ಎದೆಗೆ ಆಳವಾಗಿ ನಾಟುವದೆಂದು ಆಟವನ್ನು ಕಂಡವರಿಗೆಲ್ಲ ಗೊತ್ತು. ಆ ವ್ಯತ್ಯಾಸವನ್ನು ಬಲ್ಲ ಮೇಳವೇ ಬೆಳಗಾಗುವವರೆಗೆ ಜನರನ್ನು ಏಳಗೊಡದೆ ಕೂಡಿಸಬಲ್ಲದು.